ಗಫೂರನ ಎದೆಯ ಫೋಟೊ

ನಾಗಪ್ಪನ ಬಾಯಿ ಹೇಗೆ ಮುಚ್ಚಿಸುವುದೆಂದು ತಿಳಿಯದೆ ಸಕೀನಾ ಪರದೆಯ ಹಿಂದೆ ನಿಂತಲ್ಲೇ ಚಡಪಡಿಸುತ್ತಿದ್ದಳು. ಹಿತ್ತಿಲಲ್ಲಿ ಅವಳ ಗಂಡ ಅಬ್ದುಲ್ ಗಫೂರನ ಕೊನೆಯ ಸ್ನಾನಕ್ಕೆ ನೀರು ಕಾಯುತ್ತಿತ್ತು. ನೆರೆಮನೆಯ ಈ ಪುಣ್ಯಾತ್ಮನೋ ಜಗಲಿಯಲ್ಲಿ ಸತ್ತವನ ಗುಣಗಾನಕ್ಕೆ ಕೂತಿದ್ದ. ಕೇಳುತ್ತಿದ್ದವರು ದಾಸನಕೊಪ್ಪದ ನೂರ್ ಅಹ್ಮದ್ ಸಾಹೇಬರು, ಸಕೀನಾಳ ಮಗಳು ಜೊಹರಾಳನ್ನು ತಮ್ಮ ಸೊಸೆಯಾಗಿ ಒಪ್ಪಿದ್ದವರು. ಗಫೂರನಿಗೆ ಕ್ಷಯವಂತೆ ಎಂಬ ಗುಸುಗುಸು ಅವರ ಕಿವಿಗೂ ಬಿದ್ದಿತ್ತು. ಕ್ಷಯದ ಮನೆಯಿಂದ ಹೆಣ್ಣು ತರುವವರು ಯಾರು?

ಬಂದವರೇ ಅವರು ಎಕ್ಸ್‌ರೇ ಫೋಟೊ ಕೇಳಿದ್ದರು. ಶಿರಸಿಯಲ್ಲಿ ಆಗ ಅದನ್ನು ಕಂಡವರೇ ಕಡಿಮೆ. ಬೆಳಕಿಗೆ ಹಿಡಿದರೆ ಬರೀ ಮಂಜು, ಪಕ್ಕೆಲುಬೂ ನೆಟ್ಟಗೆ ಕಾಣದು. ತೆಗೆಯುವಾಗ ಇವರಿಗೆ ಉಸಿರು ಹಿಡಿಯಲಾಗಲಿಲ್ಲ, ಅದಕ್ಕೇ ಮಸುಕಾಯಿತು, ಡಾಕ್ಟರರಿಗೂ ಏನೂ ತಿಳಿಯಲಿಲ್ಲ ಎಂದು ಸಕೀನಾ ಪರದೆಯ ಹಿಂದಿನಿಂದ ಹೇಳಿದ್ದಳು. ಸಾಹೇಬರು ನಂಬಿದ ಹಾಗೇ ಇತ್ತು. ಅಷ್ಟರಲ್ಲಿ ನಾಗಪ್ಪ ಶುರುಮಾಡಿದ.

"ಬಾವೀಲಿ ಕೊಡ ಬಿತ್ತು ಅಂದ್ರೆ ಊರಿಗೆಲ್ಲ ಗಫೂರನೇ ಆಗ್ಬೇಕು. ಅವ ಮುಳುಗಿದ್ರೆ ಮೇಲಿದ್ದ ನಮಗೇ ಉಸಿರು ಕಟ್ತಿತ್ತು. ಹುಬ್ಬಳ್ಳಿಗೆ ಹೋಗಿ ಫೋಟೊ ತೆಗೆಸ್ಕಂಡು ಬಂದ ವಾರವೂ ನಮ್ಮನೆ ಬಾವಿಗೆ ಇಳಿದಿದ್ನಲ್ಲ."



*

ಹುಬ್ಬಳ್ಳಿಯಲ್ಲಿ ಗಫೂರನ ಎದೆಯನ್ನು ತಣ್ಣನೆಯ ಹಲಗೆಗೆ ಒತ್ತಿ ನಿಲ್ಲಿಸಿ, ಉಸಿರು ಎಳೆದು ಹಿಡಿ ಎಂದಿದ್ದರು. ಬಾಗಿಲ ಸಂದಿಯಿಂದ ಸಕೀನಾ ನೋಡುತ್ತಿದ್ದಳು. ಅವನ ಬೆನ್ನು ಏರಿತು, ಇಳಿಯಿತು. ಮತ್ತೊಮ್ಮೆ ತೆಗೆದರು. ಮತ್ತೆ ಹಾಗೇ. ಡಾಕ್ಟರರು ರೇಗಿದರು.

ಮರಳುವ ಮೋಟಾರಿನಲ್ಲಿ ಅವಳು ನಿನಗೇನು ಹುಚ್ಚೇ ಎಂದು ಬೈದು ಅತ್ತಳು. ರೋಗ ಗೊತ್ತಾದರೆ ತಾನೇ ಮದ್ದು?

"ಜೊಹರಾಳ ನಿಕಾಹ್ ಆಗ್ಲಿ," ಎಂದ ಗಫೂರ. "ಆಮೇಲೆ ಎಷ್ಟು ಹೊತ್ತು ಬೇಕಾದ್ರೂ ಹಿಡೀತೀನಿ."

*

ಸಾಹೇಬರು ಫೋಟೊವನ್ನು ಮತ್ತೆ ಬೆಳಕಿಗೆ ಹಿಡಿದರು. ಬಾವಿಯಲ್ಲಿ ಅಷ್ಟು ಹೊತ್ತು ಇರುತ್ತಿದ್ದರೇ ಎಂದು ಮೆಲ್ಲಗೆ ಕೇಳಿದರು. ಹೌದೆಂದು ತಲೆಯಾಡಿಸಿದ ನಾಗಪ್ಪನಿಗೆ ತಾನೇನು ಹೇಳಿಬಿಟ್ಟೆನೆಂಬುದು ಆಗ ಹೊಳೆಯಿತು. ಅವನು ನೆಲ ನೋಡತೊಡಗಿದ. ಪರದೆಯ ಅಂಚನ್ನು ಸಕೀನಾ ಮುದ್ದೆ ಮಾಡಿ ಹಿಡಿದಿದ್ದಳು.

ಸಾಹೇಬರು ಫೋಟೊವನ್ನು ಚಾಪೆಯ ಮೇಲೆ ಮಗುಚಿಟ್ಟು ಎದ್ದರು, ಅಂಗಿಯ ತೋಳು ಮಡಚಿಕೊಂಡರು.

"ಮಗಳ ಸಲುವಾಗಿ ನಾನಾದ್ರೂ ಹಂಗ ಮಾಡ್ತಿದ್ದೆ. ನಿಕಾಹ್ ಮಾತು ಮಾತೇ. ಹುಡುಗಿ ಆರೋಗ್ಯದಿಂದ ಅದಾಳ, ಅಷ್ಟು ಸಾಕು. ನಡೀರಿ, ನೀರು ಆರ್ತಾವ."

ಅವರೇ ಮುಂದೆ ನಿಂತು ಸ್ನಾನ ಮಾಡಿಸಿದರು, ಜನಾಜಾಕ್ಕೆ ಹೆಗಲು ಕೊಟ್ಟರು. ಸಾಹೇಬರ ಮಾತು ಮಗಳಿಗೆ ಹೇಳಬೇಕೆಂದು ಸಕೀನಾ ಅಳುತ್ತಲೇ ಅಡುಗೆಮನೆಗೆ ಓಡಿದಳು.

ಜೊಹರಾ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಬರುವ ಕೆಮ್ಮನ್ನು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಗಂಡಸರ ಹೆಜ್ಜೆ ಸದ್ದು ಓಣಿ ದಾಟುವವರೆಗೂ ಅವಳು ಉಸಿರು ಬಿಡಲಿಲ್ಲ.