ಹಸಿರು ಬಳಿದ ಗಾಜು

ಎಣ್ಣೆ ನೋಡುವವನು ಕೈ ಎತ್ತುವ ಮೊದಲೇ ಫಿರಂಗಿಯ ಹಗ್ಗ ಎಳೆದರು. ಬ್ಯಾರೆಲ್ಲು ಹಿಂದಕ್ಕೆ ನುಗ್ಗಿ ಅವನ ಸೊಂಟ ಮುರಿಯಿತು. ತಪ್ಪು ಅವನದೇ ಎಂದು ತನಿಖೆಯವರು ತೀರ್ಮಾನಿಸಿದರು.

ಅವನು ಅಕ್ಕನ ಬೆನ್ನಿಗೆ ಬಿದ್ದ ತಮ್ಮ. ಅಕ್ಕ ಎಂದರೆ ಫಿರಂಗಿ ಕಾರ್ಖಾನೆಯಲ್ಲಿ ಒದೆತ ವಿಭಾಗದ ಎಂಜಿನಿಯರು. ಗುಂಡು ತುಂಬುವ ಕೆಲಸದ ತಮ್ಮ ಶೆಡ್ಡಿನ ತುಂಬ ಅಕ್ಕಾ ಅಕ್ಕಾ ಎಂದು ಕೂಗಿಕೊಂಡು ಓಡಾಡುತ್ತಿದ್ದುದರಿಂದ, ನಿವೃತ್ತಿಗೆ ಬಂದ ವೆಲ್ಡರಿನಿಂದ ಹಿಡಿದು ಡೈರೆಕ್ಟರವರೆಗೆ ಎಲ್ಲರಿಗೂ ಅವಳು ಅಕ್ಕನೇ ಆಗಿಹೋಗಿದ್ದಳು.

ಗುಂಡು ಹಾರಿದ ಕೂಡಲೇ ಬ್ಯಾರೆಲ್ಲು ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ನುಂಗಿಕೊಳ್ಳುವುದು ಅದರಡಿಯ ಸಿಲಿಂಡರಿನಲ್ಲಿರುವ ಎಣ್ಣೆ. ಎಣ್ಣೆ ಸರಿಯಾಗಿದ್ದರೆ ಅಷ್ಟು ದೊಡ್ಡ ಬ್ಯಾರೆಲ್ಲು ಒಂದಿಷ್ಟು ಸರಿದು, ತೂಗಿಬಿಟ್ಟ ತೊಟ್ಟಿಲಿನ ಹಾಗೆ ಮೆತ್ತಗೆ ತನ್ನ ಜಾಗಕ್ಕೆ ಮರಳುತ್ತದೆ. ಇಲ್ಲದಿದ್ದರೆ ಹಿಂದೆ ಯಾರಿದ್ದಾರೆಂದು ಅದು ನೋಡುವುದಿಲ್ಲ. ಇದು ಲಾರಿಗೆ ಕಟ್ಟಿ ಎಳೆದೊಯ್ಯುವ ಫಿರಂಗಿ, ಅದೂ ಇನ್ನೂ ಪರೀಕ್ಷೆಯಲ್ಲೇ ಇದ್ದದ್ದು. ಎಳೆದಾಗಲೆಲ್ಲ ಕುಲುಕಾಟಕ್ಕೆ ಎಲ್ಲೋ ಒಂದು ಕಡೆ ಎಣ್ಣೆ ಜಿನುಗುತ್ತಿತ್ತು. ಅದಕ್ಕೆಂದೇ ಅಕ್ಕ ಸಿಲಿಂಡರಿನ ಪಕ್ಕಕ್ಕೆ ಕೋಟಿನ ಗುಂಡಿಯಷ್ಟಗಲದ ಗಾಜೊಂದನ್ನು ಕೂರಿಸಿದ್ದಳು. ಗುಂಡು ತುಂಬುವವನು ಬಗ್ಗಿ ಆ ಗಾಜಿನಲ್ಲಿ ಎಣ್ಣೆ ಎಷ್ಟಿದೆಯೆಂದು ನೋಡಬೇಕು, ಒದೆತ ತಲುಪದಷ್ಟು ದೂರಕ್ಕೆ ನೆಲದ ಮೇಲೆ ಎಳೆದ ಬಿಳಿ ಗೆರೆಯ ಹಿಂದೆ ಬಂದು ನಿಂತು ಕೈ ಎತ್ತಬೇಕು. ಆ ಕೈ ಕಂಡ ಮೇಲೆಯೇ ಅತ್ತ ಪಕ್ಕದಲ್ಲಿ ದೂರ ನಿಂತ ಹಗ್ಗದವನು ಹಗ್ಗ ಎಳೆಯಬೇಕು. ಮಳೆಯಿರಲಿ ಬಿಸಿಲಿರಲಿ, ಯಾರೂ ಇದನ್ನು ಮೀರಿದವರಿಲ್ಲ.

ಮೀರಿದ್ದು ಅತಿಥಿಗಳು ಬಂದ ದಿನ. ನಮ್ಮ ನೆಲದಲ್ಲೇ ಹುಟ್ಟಿದ ಫಿರಂಗಿ ಎಂದು ಊರ ಗೋಡೆಗೋಡೆಗೂ ಚಿತ್ರ ಅಂಟಿಸಿದ್ದರು. ಮೈದಾನಕ್ಕೆ ಒಯ್ಯುವ ಮೊದಲು ಅದನ್ನು ಬೀದಿಬೀದಿಯಲ್ಲಿ ಎಳೆದಾಡಿ ಶಾಲೆಯ ಮಕ್ಕಳಿಂದ ಚಪ್ಪಾಳೆ ಹೊಡೆಸಿದ್ದರು. ಹಿಂದಿನ ಸಂಜೆ ಮೈದಾನ ತಲುಪಿದ ಮೇಲೆ ಡೈರೆಕ್ಟರಿಗೆ ಅದರ ಮೈಮೇಲಿನ ಧೂಳು ಕಂಡಿತು, ಗೀರು ಕಂಡಿತು. ಗಾಲಿಯಿಂದ ಬಾಯಿಯವರೆಗೆ ಬಳಿದುಬಿಡಿ, ಎಲ್ಲೂ ಒಂದು ಚುಕ್ಕೆ ಬೇರೆ ಬಣ್ಣ ಕಾಣಬಾರದು ಎಂದು ಪೇಂಟರುಗಳನ್ನು ಕಳಿಸಿದರು. ಅವರು ಹೇಳಿದಷ್ಟು ಮಾಡಿದರು. ಗಾಜಿನ ಮೇಲೂ ಹಸಿರು ಬಳಿದರು. ಹೊರದೇಶದಿಂದ ತರಿಸಿದ ಫಿರಂಗಿಯಾಗಿದ್ದರೆ ಅದರ ಒಂದು ಬೋಲ್ಟು ಮುಟ್ಟಲೂ ಇವರ ಕೈ ನಡುಗುತ್ತಿತ್ತು. ನಮ್ಮದೇ ಅಲ್ಲವೇ, ಹಾಗಾಗಿ ಯಾರು ಬೇಕಾದರೂ ಬಳಿಯಬಹುದಿತ್ತು.

ತಮ್ಮ ಬಗ್ಗಿ ನೋಡಿದಾಗ ಕಂಡದ್ದು ಬರೀ ಹಸಿರು. ಗೆರೆಯ ಹಿಂದಕ್ಕೆ ಬಂದು, ಕಾಣ್ತಿಲ್ಲ, ಕಾಣ್ತಿಲ್ಲ ಎಂದು ಅವನು ಕೂಗಿದ್ದು ಬ್ಯಾಂಡಿನ ಸದ್ದಿನಲ್ಲಿ ಮುಳುಗಿಹೋಯಿತು. ಅಷ್ಟರಲ್ಲಿ ಮುಖ್ಯ ಅತಿಥಿಗಳು ಗುಂಡು ಹಾರಿಸುವ ಸನ್ನೆಯಾಗಿ ಕರವಸ್ತ್ರ ಕೆಳಗೆ ಬಿಟ್ಟಾಗಿತ್ತು. ಬಿದ್ದ ಕರವಸ್ತ್ರವನ್ನು ಕಾಯಿಸುವುದುಂಟೇ? ಹಗ್ಗದವನ ಬೆನ್ನ ಹಿಂದೆ ನಿಂತಿದ್ದ ಅಧಿಕಾರಿ ಎಳಿ ಅಂದ, ಅವನು ಎಳೆದ. ಸಿಲಿಂಡರಿನಲ್ಲಿ ಎಣ್ಣೆ ಸಾಲದೆ ಬ್ಯಾರೆಲ್ಲು ಗೆರೆಯನ್ನೂ ದಾಟಿ ಬಂತು.

ಗಾಜು ಸ್ವಚ್ಛವಾಗಿತ್ತು, ಇವನು ನೋಡಲಿಲ್ಲ, ಮೇಲಾಗಿ ಗೆರೆ ದಾಟಿ ನಿಂತಿದ್ದ. ಇಷ್ಟು ತನಿಖೆಯ ಸಾರ. ತನಿಖೆಯವರು ಚಹಾ ಕುಡಿದು ಕೈತೊಳೆದುಕೊಂಡು ಹೋದರು.

ಸಿಲಿಂಡರು ರಿಪೇರಿಯಾಗಿ ಎರಡನೇ ಪ್ರದರ್ಶನದ ದಿನ ಗೊತ್ತಾದಾಗ ಅಕ್ಕ ಡೈರೆಕ್ಟರ ಕೋಣೆಗೆ ಹೋದಳು. ಅವರ ಮೇಜಿನ ಮೇಲೆ ಹಿತ್ತಾಳೆಯ ಪುಟಾಣಿ ಫಿರಂಗಿಯೊಂದು ಬಾಗಿಲ ಕಡೆಗೆ ಗುರಿಯಿಟ್ಟು ಕೂತಿತ್ತು. ಗಾಜಿನ ಮೇಲಿನ ಬಣ್ಣ ಇನ್ನೂ ಹಾಗೇ ಇದೆ, ಕೆರೆಸಬೇಕು ಎಂದಳು. ಅವರು ತಲೆ ಎತ್ತದೆ, ಯಾವ ಬಣ್ಣ ಎಂದು ಕೇಳಿದರು.

"ಗಾಜಿನ ಮೇಲೆ ಬಳಿದಿದ್ದಾರಲ್ಲ ಸಾರ್, ಅದು."

"ಗಾಜು ಸ್ವಚ್ಛವಾಗಿತ್ತು ಅಂತ ತನಿಖೆಯವರು ಹೇಳಿದಾರೆ. ಇಲ್ಲದ ಬಣ್ಣಾನ ಹೇಗಮ್ಮಾ ಕೆರೀತೀರಿ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಬಣ್ಣ ಅವರಿಗೂ ಗೊತ್ತಿತ್ತು. ಈಗ ಕೆರೆದರೆ ಅಂದು ಇತ್ತೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂಬುದೂ ಗೊತ್ತಿತ್ತು. ಆ ಗಾಜಿನ ತಂಟೆಗೆ ಯಾರೂ ಹೋಗಕೂಡದು ಎಂದು ಅಲ್ಲಿಂದಲೇ ಫೋನಿನಲ್ಲಿ ಶೆಡ್ಡಿಗೆ ಅಪ್ಪಣೆಯಾಯಿತು. ಆಮೇಲೆ ಅವರು ದನಿ ತಗ್ಗಿಸಿ, ಮನೆಯವರ ಹಾಗೆ ಮಾತಾಡಿದರು. ಈ ಸಲ ಗುಂಡು ತುಂಬುವವನು ಬರೀ ತುಂಬಲಿ, ಗಾಜು ನೋಡಿ ಕೈ ಎತ್ತುವ ಕೆಲಸ ನೀವೇ ಮಾಡಿ ಎಂದರು. ಒಡಹುಟ್ಟಿದವಳೇ ಕೈ ಎತ್ತಿದರೆ ಊರವರ ಬಾಯಿ ತಾನಾಗಿ ಮುಚ್ಚುತ್ತದೆ. ನಿಮ್ಮ ತಮ್ಮನಿಗೂ ಸ್ಟೋರಿನಲ್ಲಿ ಕೂತು ಮಾಡುವಂಥ ಕೆಲಸ ನೋಡೋಣ. ಇಲ್ಲವಾದರೆ, ಗೆರೆ ದಾಟಿದವನನ್ನು ಯಾವ ಬಾಯಿಂದ ವಾಪಸು ಕರೆಯಲಿ?

ಅಕ್ಕ ಸೀದಾ ತಮ್ಮನ ಮನೆಗೆ ನಡೆದಳು.

ನಡುಮನೆಯಲ್ಲಿ ಕಿಟಕಿಯ ಪಕ್ಕಕ್ಕೆ ಅವನ ಮಂಚ ಹಾಕಿದ್ದರು. ತಮ್ಮನ ಹೆಂಡತಿ ಅವನ ಮಗ್ಗಲು ಬದಲಿಸುತ್ತಿದ್ದಳು. ಅಕ್ಕ ಚಪ್ಪಲಿ ಬಿಟ್ಟವಳೇ ಇನ್ನೊಂದು ಕಡೆಗೆ ಕೈ ಕೊಟ್ಟಳು. ಫಿರಂಗಿ ಎಳೆದ ಹಾಗೆ ಎಳೀಬೇಡ್ರೇ, ಎಣ್ಣೆ ಜಿನುಗತ್ತೆ ಎಂದು ಅವನು ಹಲ್ಲು ಕಚ್ಚಿಕೊಂಡೇ ನಗಿಸಲು ನೋಡಿದ. ಇಬ್ಬರೂ ನಗಲಿಲ್ಲ. ಅಕ್ಕ ಡೈರೆಕ್ಟರ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು.

ತಮ್ಮನ ಹೆಂಡತಿ ದಿಂಬು ಸರಿಮಾಡುತ್ತಲೇ, "ಕೈ ಎತ್ತಿಬಿಡಿ ಅತ್ತಿಗೆ" ಎಂದಳು. "ನಿಮ್ಮ ನಿಜ ಬಂದು ಇವರ ಮಗ್ಗಲು ಬದಲಿಸಲ್ಲ. ನಾನೇ ಬದಲಿಸಬೇಕು."

ತಮ್ಮ ಕಿಟಕಿಯ ಆಚೆ ನೋಡುತ್ತಲೇ, ನನ್ನ ಜಾಗದಲ್ಲಿ ಯಾರು ನಿಲ್ತಾರೆ ಎಂದು ಕೇಳಿದ. ಮೀಸೆ ಎಂದಳು ಅಕ್ಕ. ಮೀಸೆ ಎಂದರೆ ಅವನ ಜೊತೆಗೇ ಕೆಲಸಕ್ಕೆ ಸೇರಿದ ದಢೂತಿ ಗೆಳೆಯ.

"ಅವನಾ. ಆ ಗೆರೆ ಅವನ ಹೊಟ್ಟೆಗೇ ಸಾಲಲ್ಲ ಕಣೇ" ಎಂದ ತಮ್ಮ. ನಂತರ ನಗು ಆರಿದ ಮುಖದಲ್ಲಿ, "ನಾನು ಗೆರೆ ದಾಟಿರಲಿಲ್ಲ ಅಕ್ಕ" ಎಂದ.

"ಗೊತ್ತು ಕಣೋ."

"ಗೊತ್ತಿದ್ದರೆ ಸರಿ. ಇನ್ನು ನಿನ್ನಿಷ್ಟ."

ಪ್ರದರ್ಶನದ ಬೆಳಗ್ಗೆ ಫಿರಂಗಿಯನ್ನು ಮತ್ತೆ ಲಾರಿಗೆ ಕಟ್ಟಿ ಕಲ್ಲುದಾರಿಯಲ್ಲಿ ಎಳೆತಂದರು. ಅಕ್ಕ ಹಿಂದಿನ ಜೀಪಿನಲ್ಲಿ ಕೂತು ಅದರ ಒಂದೊಂದು ಕುಲುಕನ್ನೂ ನೋಡುತ್ತಾ ಬಂದಳು. ಎಣ್ಣೆಯನ್ನು ತುಂಬಿದವಳು ಅವಳೇ. ಈಗ ಎಷ್ಟು ಉಳಿದಿದೆಯೆಂದು ಅವಳಿಗೂ ಗೊತ್ತಿರಲಿಲ್ಲ. ಇದ್ದರೂ ಇರಬಹುದು. ಪೂರ್ತಿ ಇದ್ದು, ಏನೂ ಆಗದೆ, ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋದರೂ ಹೋಗಬಹುದು. ಆಗ ತಮ್ಮನಿಗೆ ಸ್ಟೋರಿನಲ್ಲಿ ಒಂದು ಕುರ್ಚಿ. ಮತ್ತು ಸಾಯುವವರೆಗೂ ಗೆರೆ ದಾಟಿದವನೆಂಬ ಹೆಸರು.

ಶಾಮಿಯಾನ, ಮೆತ್ತನೆಯ ಕುರ್ಚಿಗಳು, ಬ್ಯಾಂಡು, ಎಲ್ಲವೂ ಅಂದಿನ ಹಾಗೆಯೇ. ಮೀಸೆ ಗುಂಡು ತುಂಬಿ, ಫಿರಂಗಿಯ ಹಿಂಬಾಗಿಲು ಮುಚ್ಚಿ, ಗೆರೆಯ ಹಿಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತ. ಏನು ಅಕ್ಕ, ನೋಡಿದ್ರಾ ಎಂದು ತುಟಿ ಅಲುಗಿಸದೆ ಕೇಳಿದ.

ಅಕ್ಕ ಬಗ್ಗಿದಳು. ಗಾಜಿನ ಮೇಲೆ ಬ್ರಷ್ಷಿನ ಕೂದಲೊಂದು ಅಂಟಿಕೊಂಡು ಬಣ್ಣದೊಳಗೇ ಒಣಗಿಹೋಗಿತ್ತು. ಉಗುರಿನಿಂದ ಒಂದು ಸಲ ಗೀರಿದಳು. ಎರಡು ಸಲ ಬಳಿದಿದ್ದರು, ಬಿಡಲಿಲ್ಲ. ಆ ಕೂದಲನ್ನೇ ನೋಡುತ್ತಾ ಅವಳಿಗೆ ಅನ್ನಿಸಿತು: ನನ್ನ ತಮ್ಮ ಕೊನೆಯ ಸಲ ತನ್ನ ಕಾಲ ಮೇಲೆ ನಿಂತು ನೋಡಿದ್ದು ಇದನ್ನೇ.

ಎದ್ದಳು. ಮೀಸೆಯ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಮೈದಾನದಂಚಿನ ಮರಳುಚೀಲದ ಗೋಡೆ ತೋರಿಸಿ, ಅದರ ಹಿಂದೆ ಹೋಗು ಎಂದಳು. ಅವನು ಅವಳ ಮುಖ ನೋಡಿದವನೇ ಅತ್ತ ನಡೆದ. ಬಿಳಿ ಗೆರೆಯ ಹಿಂದೆ, ಅವನಿದ್ದ ಜಾಗದಲ್ಲಿ, ತಮ್ಮನಿದ್ದ ಜಾಗದಲ್ಲಿ ಅಕ್ಕ ನಿಂತಳು. ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟಳು.

ಮುಖ್ಯ ಅತಿಥಿಗಳ ಕರವಸ್ತ್ರ ಬಿತ್ತು.

ಹಗ್ಗದವನು ಅವಳನ್ನು ನೋಡಿದ. ಅವನ ಬೆನ್ನ ಹಿಂದೆ ಅದೇ ಅಧಿಕಾರಿ ನಿಂತಿದ್ದ, ಅವನ ಬಾಯಿ ಅಲುಗುವುದು ದೂರದಿಂದಲೂ ಕಾಣುತ್ತಿತ್ತು. ಹಗ್ಗದವನು ಕೇಳಿಸಿಕೊಳ್ಳದವನ ಹಾಗೆ ಹಗ್ಗವನ್ನು ಸಡಿಲ ಬಿಟ್ಟ. ಬ್ಯಾಂಡಿನವರು ಗುಂಡಿನ ಸದ್ದು ಬರಲಿಲ್ಲವಲ್ಲ ಎಂದು ಗೊಂದಲಕ್ಕೆ ಬಿದ್ದು ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಿದರು. ಡೈರೆಕ್ಟರು ಮೈಕು ಬಿಟ್ಟು, ಬೂಟಿಗೆ ಧೂಳು ಮೆತ್ತುವುದನ್ನೂ ಲೆಕ್ಕಿಸದೆ ಗೆರೆಯವರೆಗೆ ನಡೆದು ಬಂದರು.

"ಎಲ್ಲರೂ ನೋಡ್ತಿದಾರೆ. ಕೈ ಎತ್ತಿ ಅಕ್ಕ."

"ನನಗೆ ಎಣ್ಣೆ ಕಾಣ್ತಿಲ್ಲ ಸಾರ್" ಎಂದಳು ಅಕ್ಕ, ಬ್ಯಾಂಡು ನಿಂತ ಆ ಮೈದಾನದಲ್ಲಿ ಕೊನೆಯ ಕುರ್ಚಿಗೂ ಕೇಳುವ ಹಾಗೆ. "ನನ್ನ ತಮ್ಮನಿಗೂ ಕಂಡಿರಲಿಲ್ಲ. ನಾನು ಎತ್ತಲ್ಲ."