ಬೀಳುವ ಪಾಠ

ಮೊಮ್ಮಗಳು ಬೀಳದ ಹಾಗೆ ಕಾಯುವುದೇ ಅವಳು ಹುಟ್ಟಿದಾಗಿನಿಂದ ನನ್ನ ಕೆಲಸ. ಇವತ್ತು ಟೀಚರಮ್ಮ ಅವಳಿಗೆ ಬೀಳುವುದನ್ನು ಕಲಿಸುತ್ತಾಳಂತೆ!

ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾದ ಮಗು. ಡಾಕ್ಟರು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಕೈಕಾಲು ಬಿಗಿ, ಮಾತು ನಿಧಾನ, ಹಟಕ್ಕೆ ಮಾತ್ರ ಏನೂ ಕಡಿಮೆಯಿಲ್ಲ. ಈ ತರಬೇತಿ ಕೇಂದ್ರದಲ್ಲಿ ಇಂಥ ಮಕ್ಕಳೆಲ್ಲ ಒಟ್ಟಿಗೆ ವ್ಯಾಯಾಮ ಕಲಿಯುತ್ತಾರೆ. ಮಾಡುವುದನ್ನು ಎಲ್ಲರೂ ಕೂಡಿ ಬಾಯಲ್ಲಿ ಹೇಳುತ್ತಲೇ ಮಾಡಬೇಕು. ಯಾರದಾದರೂ ಕೈ ತಡವಾದರೆ ಉಳಿದವರು ಅದೇ ಮಾತನ್ನು ಎಳೆಯುತ್ತ ಕಾಯುತ್ತಾರೆ. ಮನೆಯವರು ಗೋಡೆಗೊರಗಿ ಕೂರಬೇಕು, ಮುಟ್ಟುವ ಹಾಗಿಲ್ಲ.

"ಪೆಟ್ಟಾಗದ ಹಾಗೆ ಬೀಳೋಕೆ ಬಂದ್ರೇನೇ ಊರುಗೋಲು ಕೊಡೋದು, ಅಜ್ಜಿ," ಅಂದಳು ಟೀಚರಮ್ಮ. "ಆಮೇಲೆ ಒಬ್ಬಳೇ ಓಡಾಡ್ತಾಳೆ."

"ಬೀಳೋಕೆ ಪಾಠ ಬೇರೆ ಕೇಡು! ನಮ್ಮವಳಿಗೆ ಅದು ಹುಟ್ಟಿನಿಂದ್ಲೇ ಬರುತ್ತೆ," ಅಂದೆ.

ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಬಚ್ಚಲ ಬಾಗಿಲಲ್ಲಿ ಬಿದ್ದು ಅವಳು ಒಡೆದುಕೊಂಡ ಗದ್ದದ ಗಾಯ ಈಗಷ್ಟೇ ಮಾಗಿತ್ತು. "ಅಮ್ಮಾ, ಕೈ ಕಟ್ಕೊಂಡು ಕೂತಿರು," ಎಂದು ಮಗಳು ಕೆಲಸಕ್ಕೆ ಹೋಗುವಾಗ ನೂರು ಸಲ ಹೇಳಿದ್ದಳು. ಹೇಳುವುದು ಸುಲಭ.

ದಪ್ಪ ಚಾಪೆಯ ಮೇಲೆ ಮಕ್ಕಳು ಮಂಡಿಯೂರಿ ನಿಂತರು. "ಕೈ ಮುಂದೆ! ಮುಖ ಪಕ್ಕಕ್ಕೆ! ಬೀಳ್ತೀನಿ!" ಒಬ್ಬೊಬ್ಬರೇ ಧೊಪ್ಪನೆ ಬಿದ್ದು ಕಿಲಕಿಲ ನಕ್ಕರು. ನಮ್ಮವಳ ಸರದಿ ಬಂತು. ಕೈ ಏಳಲೊಲ್ಲದು. "ಕೈ ಮುಂದೇಏಏ..." ಎಂದು ಎಲ್ಲರೂ ಎಳೆದರು. ಕೈ ಎದ್ದಿತು, ಮೈ ವಾಲಿತು. ಯಾವಾಗ ಎದ್ದೆನೋ, ಯಾವಾಗ ಓಡಿದೆನೋ, ಅವಳ ಎರಡೂ ಮಣಿಕಟ್ಟು ಹಿಡಿದುಬಿಟ್ಟಿದ್ದೆ.

ಚಾಪೆಗೆ ಊರಬೇಕಾಗಿದ್ದ ಕೈಗಳವು. ಅವು ನನ್ನ ಮುಷ್ಟಿಯಲ್ಲಿ ಉಳಿದವು, ಅವಳ ಮುಖ ಚಾಪೆಗೆ ಬಡಿಯಿತು. ತುಟಿ ಹಲ್ಲಿಗೆ ಸಿಕ್ಕಿ ರಕ್ತ ಬಂತು. ಮಕ್ಕಳ ದನಿ ನಿಂತುಹೋಯಿತು.

ಟೀಚರಮ್ಮ ಬಾಯಿ ಒರೆಸಿದಳು. "ಇವತ್ತಿಗೆ ಸಾಕಾ, ಪುಟ್ಟೀ?"

ಮೊಮ್ಮಗಳು ಸಾಲದೆಂದು ತಲೆಯಾಡಿಸಿದಳು. ನನ್ನನ್ನೇ ನೋಡಿದಳು. ಮಾತು ಹೊರಡಲು ಹೊತ್ತು ಹಿಡಿಯಿತು. "ಅಜ್ಜೀ... ನೀನು... ಹೊರಗೆ."

ನಾನು ಹೊರಗೆ ಬಂದೆ. ಬಾಗಿಲು ಮುಚ್ಚಿತು. ಒಳಗೆ ಮತ್ತೆ "ಕೈ ಮುಂದೇಏಏ..." ಶುರುವಾಯಿತು. ಯಾರಿಗಾಗಿ ಎಳೆಯುತ್ತಿದ್ದಾರೆಂದು ನನಗೆ ಗೊತ್ತು. ಕೈಗಳೆರಡನ್ನೂ ಕಂಕುಳಲ್ಲಿ ಅವುಚಿಕೊಂಡೆ. ಧೊಪ್ಪೆಂದು ಸದ್ದಾಯಿತು. ಅಳು ಕೇಳಿಸಲಿಲ್ಲ, ನಗುವೂ ಕೇಳಿಸಲಿಲ್ಲ. ಬಾಗಿಲಿಗೆ ಕಿವಿಗೊಟ್ಟೆ.

"ಇನ್ನೊಂದ್... ಸಲ," ಅಂದಳು ನನ್ನ ಮೊಮ್ಮಗಳು.

ಸಾಕು ಕಣೇ ಎಂದು ಕೂಗಬೇಕೆನಿಸಿತು. ಕೂಗದೆ, ಕಂಕುಳಲ್ಲಿದ್ದ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಅವುಚಿ ಅಲ್ಲೇ ನಿಂತೆ.