ಏಳನೇ ಹಾಸಿಗೆಯ ಇಲಿಗಳು

"ಇಲಿ ಎಲ್ಲಾ ಚಲೋ ಅದಾವ. ಏಳನೇ ಹಾಸಿಗಿಯಾಕಿ ಜ್ವರ ಮಾತ್ರ ಯಾಕ ಇಳೀವಲ್ದು?" ಡಾಕ್ಟರಮ್ಮ ಪಂಜರದ ಮೇಲೆ ಬಾಗಿ ಮತ್ತೊಮ್ಮೆ ಎಣಿಸಿದರು. ಹತ್ತಕ್ಕೆ ಹತ್ತೂ ಕಾಳು ಮುಕ್ಕುತ್ತಿದ್ದವು.

ತಾಯಪ್ಪ ನೆಲ ನೋಡುತ್ತ ನಿಂತಿದ್ದ. ಯಾದಗಿರಿಯ ಆ ದವಾಖಾನೆಯ ಹಿಂದಿನ ಇಲಿಮನೆಯಲ್ಲಿ ಅವನದು ಆರು ವರ್ಷದ ಚಾಕರಿ. ಔಷಧಿ ಪರೀಕ್ಷೆಯ ಬಿಳಿ ಇಲಿಗಳಿಗೆ ಕಾಳು ನೀರು ಹಾಕುವುದು, ಬೆಳಗ್ಗೆ ಸತ್ತವನ್ನು ಎಣಿಸಿ ಬರೆಯುವುದು. ಎಷ್ಟು ನೂರು ಬರೆದಿದ್ದನೋ, ಒಂದನ್ನೂ ತಪ್ಪಿಸಿರಲಿಲ್ಲ. ಆದರೆ ಈಗ ವಾರ್ಡಿನ ಏಳನೇ ಹಾಸಿಗೆಯಲ್ಲಿ ಮಲಗಿದವಳು ಅವನ ಹೆಂಡತಿ ಮೋನಮ್ಮ.

ವನದುರ್ಗದ ಕಡೆ ಕಾಲುವೆ ಗದ್ದೆಯಲ್ಲಿ ಭತ್ತ ಕೊಯ್ಯುವಾಗ ಕುಡುಗೋಲು ಕಾಲಿಗೆ ಬಡಿದಿತ್ತು. ಗಾಯವೇನು ದೊಡ್ಡದಲ್ಲ. ಹೊಲಿಗೆ ಹಾಕಿಸಿಕೊಳ್ಳಲು ಬಂದವಳಿಗೆ ವಾರ್ಡಿನಲ್ಲೇ ಬೀಡುಬಿಟ್ಟಿದ್ದ ಕ್ರಿಮಿ ಹತ್ತಿತು. ಹಾಳಾದ್ದು, ಯಾವ ಔಷಧಿಗೂ ಜಗ್ಗಲಿಲ್ಲ. ಕಡೆಗೆ ಉಳಿದದ್ದು ಎರಡೇ ಔಷಧಿ. ಅದರಲ್ಲೊಂದನ್ನು ಶುರು ಮಾಡಿದ ದಿನ ಡಾಕ್ಟರಮ್ಮ ಪಂಜರಕ್ಕೆ '೭' ಎಂದು ಚೀಟಿ ಅಂಟಿಸಿ, "ನಿನ್ನ ಹೆಂಡತಿ ಗಾಯದಾಗಿನ ಕ್ರಿಮಿನೇ ಇವಕ್ಕ ಚುಚ್ಚೀನಿ ತಾಯಪ್ಪ. ಆಕಿಗೆ ಕೊಡೋ ಔಷಧಿನೇ ಕೊಟ್ಟೀನಿ. ಹ್ಯಾಂಗ ಇರ್ತಾವ ನೋಡೂಣು" ಎಂದಿದ್ದರು. ಆಕೆ ಅಷ್ಟು ಬಿಡಿಸಿ ಹೇಳಬಾರದಿತ್ತು.

ನಿನ್ನೆ ಬೆಳಗ್ಗೆ ಬಾಗಿಲು ತೆಗೆದರೆ ಆರು ಇಲಿ ಸೆಟೆದು ಬಿದ್ದಿದ್ದವು, ನಾಲ್ಕು ಮೂಲೆಯಲ್ಲಿ ತೇಕುತ್ತಿದ್ದವು. ತಾಯಪ್ಪನ ಊರಿನಲ್ಲಿ ಜಡ್ಡು ಹಿಡಿದು ಮಲಗಿದವರ ಮನೆಗೆ ಸಾವಿನ ಸುದ್ದಿ ಒಯ್ಯುವುದಿಲ್ಲ. ಒಡಹುಟ್ಟಿದವರು ಸತ್ತರೂ ಕಾಯಿಲೆಯವರು ಎದ್ದು ಕೂಡುವ ತನಕ ಯಾರೂ ಬಾಯಿ ಬಿಡುವುದಿಲ್ಲ. ಮೋನಮ್ಮನ ನಂಬರಿನ ಮುಂದೆ ಆರು ಸಾವು ಬರೆಯುವುದೆಂದರೇನು! ಹತ್ತನ್ನೂ ಸುಡಲು ಒಯ್ಯುವ ಡಬ್ಬಿಗೆ ಹಾಕಿ, ಪಕ್ಕದ ಪಂಜರದಿಂದ ಹತ್ತು ಗಟ್ಟಿ ಇಲಿ ತಂದು ಬಿಟ್ಟ. ಮೋಸ ಅಂತ ಅನಿಸಲೇ ಇಲ್ಲ ಅವನಿಗೆ. ಪೀಡೆ ಕಳೆಯಿತು ಎಂದುಕೊಂಡು ಆ ದಿನ ಹೊಟ್ಟೆತುಂಬ ಉಂಡ.

"ಮೇಡಮ್ಮರ, ಇವು ಸತ್ತಿದ್ರ ಏನ್ ಮಾಡ್ತಿದ್ರಿ?" ಈಗ ಮೆಲ್ಲಗೆ ಕೇಳಿದ.

"ನಿನ್ನೆನೇ ಔಷಧಿ ಬದಲಿ ಮಾಡ್ತಿದ್ವಿ. ಇನ್ನೊಂದು ಔಷಧಿ ಕಿಡ್ನಿಗೆ ಪೆಟ್ಟು ಕೊಡ್ತದ, ಅದಕ್ಕs ತಡದೀವಿ. ಇವು ಆರಾಮ ಅದಾವಂತನೇ ಹಳೇದು ನಡ್ಸೀವಿ."

ತಾಯಪ್ಪ ಪಂಜರದ ಚೀಟಿಯ ಮೇಲೆ ಕೈ ಇಟ್ಟ.

"ಆರು ಸತ್ತಿದ್ವು ರೀ... ನಾನs ಬದಲಿ ಮಾಡೀನ್ರಿ."

"ಏನಂದಿ?"

"ಆಕಿ ನಂಬರಿಗೆ ಸಾವು ಬರೀಲಾಕ ಆಗ್ಲಿಲ್ರಿ ನನಗ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಫೋನು ಕಿತ್ತುಕೊಂಡಂತೆ ತೆಗೆದು ವಾರ್ಡಿನ ನಂಬರು ಒತ್ತಿದರು. ಮೊದಲ ಗಂಟೆ ಮುಗಿಯುವ ಮುಂಚೆಯೇ ಆ ಕಡೆ ಎತ್ತಿದರು. ನರ್ಸ್ ಶರೀಫಾಬೀಯ ದನಿ ತಾಯಪ್ಪನಿಗೂ ಕೇಳಿಸಿತು: "ಮೇಡಂ, ನಾನs ನಿಮಗ ಫೋನ್ ಹಚ್ಚಾಕತ್ತಿದ್ದೆರಿ. ಏಳನೇ ಬೆಡ್ಡಿಗೆ ಲಗೂನ ಬರ್ರಿ."

ಡಾಕ್ಟರಮ್ಮ ಓಡಿದರು. ಫೋನು ಗೋಡೆಯಿಂದ ಜೋತಾಡುತ್ತಿತ್ತು. ತಾಯಪ್ಪ ಬಾಗಿಲ ತನಕ ಬಂದ. ಅಂಗಳದ ಆಚೆ ವಾರ್ಡಿನಿಂದ ಯಾರೋ ಇತ್ತ ಬರುತ್ತಿರುವುದು ಕಂಡಿತು. ಯಾವ ಸುದ್ದಿಯೂ ಒಳಗೆ ಬರಬಾರದೆಂದು ಅವನು ಹಿಂದೆ ಸರಿದು ಬಾಗಿಲು ಮುಚ್ಚಿದ, ಒಳಗಿನಿಂದ ಚಿಲಕ ಹಾಕಿದ.